ಶನಿವಾರದ ಸೇಬು

ಎಂಬತ್ತರ ದಶಕದ ರಾಜಾಜಿನಗರದಲ್ಲಿ ಸೇಬು ಕಾಯಿಲೆಯವರ ಹಣ್ಣಾಗಿತ್ತು. ಬಾಳೆಹಣ್ಣು ದೇವರ ಮುಂದಿಡಲು, ಸೀಬೆಹಣ್ಣು ಸ್ಕೂಲಿನ ಗೇಟಿನ ಹತ್ತಿರ ಉಪ್ಪುಖಾರ ಸವರಿಸಿಕೊಂಡು ತಿನ್ನಲು, ಮಾವು ಬೇಸಿಗೆ ರಜಕ್ಕೆ. ಸೇಬನ್ನು ಮಾತ್ರ ಯಾರಾದರೂ ಹಾಸಿಗೆ ಹಿಡಿದಾಗ ಕೊಳ್ಳುತ್ತಿದ್ದರು. ಇ.ಎಸ್.ಐ. ಆಸ್ಪತ್ರೆಯ ಎದುರಿನ ತಳ್ಳುಗಾಡಿಗಳಲ್ಲಿ ಒಂದೊಂದನ್ನೂ ಬಟ್ಟೆಯಿಂದ ಉಜ್ಜಿ ಹೊಳೆಯಿಸಿ ಪೇರಿಸಿಟ್ಟಿರುತ್ತಿದ್ದರು. ನೋಡಲು ಬಂದವರ ಕೈಯಲ್ಲಿ ಒಂದು ಕಾಗದದ ಪೊಟ್ಟಣ, ಅದರಲ್ಲಿ ನಾಲ್ಕು ಸೇಬು, ಜೊತೆಗೆ ಒಂದು ಪೌಂಡ್ ಬ್ರೆಡ್ಡು. ರೋಗಿಯನ್ನು ಕಾಣಲು ಬರುವವರು ಇಷ್ಟನ್ನು ತಂದೇ ತರುತ್ತಿದ್ದರು.

ನಮ್ಮ ಮನೆ ಭಾಷ್ಯಂ ಸರ್ಕಲ್ಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಅಜ್ಜಿಗೆ ಉಬ್ಬಸ. ಮಳೆ ಹಿಡಿಯಿತೆಂದರೆ ಉಸಿರಾಟದ ಕಷ್ಟ ಜಾಸ್ತಿಯಾಗುತ್ತಿತ್ತು, ನೋಡಿಕೊಂಡು ಹೋಗಲು ಬರುವ ನೆಂಟರೂ ಜಾಸ್ತಿಯಾಗುತ್ತಿದ್ದರು, ಅವರ ಹಿಂದೆಯೇ ಸೇಬೂ ಬರುತ್ತಿತ್ತು. ಆದರೆ ಅಜ್ಜಿಯ ಬಾಯಲ್ಲಿ ಹಲ್ಲೇ ಉಳಿದಿರಲಿಲ್ಲ. ಹಲ್ಲು ಕಟ್ಟಿಸಿಕೊಳ್ಳಲು ಅವಳು ಒಪ್ಪಲೂ ಇಲ್ಲ. ಅಮ್ಮ ಈಳಿಗೆಮಣೆಯಲ್ಲಿ ಎಷ್ಟು ತೆಳ್ಳಗೆ ಹೆಚ್ಚಿ ಕೊಟ್ಟರೂ ಒಸಡಿನಲ್ಲಿ ಒತ್ತಿ ಒತ್ತಿ ರಸವನ್ನಷ್ಟೇ ನುಂಗಿ, ಉಳಿದದ್ದನ್ನು ತಟ್ಟೆಯಂಚಿಗೆ ಇಟ್ಟುಬಿಡುತ್ತಿದ್ದಳು. ತುರಿದುಕೊಟ್ಟರೆ ಗಳಿಗೆಯಲ್ಲಿ ಕಂದುಬಣ್ಣಕ್ಕೆ ತಿರುಗುತ್ತಿತ್ತು, ಅದನ್ನು ಅವಳು ಮುಟ್ಟುತ್ತಿರಲಿಲ್ಲ. ಹೀಗಾಗಿ ಅವಳಿಗೆಂದು ಬಂದ ಹಣ್ಣು ಮನೆಯ ಮಕ್ಕಳ ಪಾಲಾಗುತ್ತಿತ್ತು. ನಾವು ಅವಳ ಮಂಚದ ಪಕ್ಕದಲ್ಲೇ ಕಚಕಚ ಕಚ್ಚುತ್ತಾ ಕೂರುತ್ತಿದ್ದೆವು, ಅವಳು ಅದನ್ನು ನೋಡುತ್ತಾ ಮಲಗಿರುತ್ತಿದ್ದಳು. ಮಾಗಡಿ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಹಲ್ಲು ಗಟ್ಟಿಯಿದ್ದ ಕಾಲದಲ್ಲಿ ಅವಳು ಸೇಬನ್ನು ಕಂಡಿರಲಿಲ್ಲ, ಸೇಬು ಮನೆಗೆ ಬರುವ ಕಾಲಕ್ಕೆ ಹಲ್ಲು ಹೋಗಿದ್ದವು. ಇದು ನನಗೆ ಅರ್ಥವಾಗಿದ್ದು ತಡವಾಗಿ. ಅರ್ಥಮಾಡಿಕೊಂಡು ಅದಕ್ಕೊಂದು ದಾರಿ ಹುಡುಕಿದವಳು ನಮ್ಮತ್ತೆ, ಅಪ್ಪನ ತಂಗಿ.

ಅತ್ತೆ ಶೇಷಾದ್ರಿ ರಸ್ತೆಯ ಹೋಮ್ ಸೈನ್ಸ್ ಕಾಲೇಜಿನಲ್ಲಿ ಓದುತ್ತಿದ್ದಳು. ನೀಲಿ ರಟ್ಟಿನ ಪ್ರಾಕ್ಟಿಕಲ್ ಪುಸ್ತಕದ ಎಡಗಡೆ ಬಿಳಿ ಹಾಳೆ, ಬಲಗಡೆ ಗೆರೆ ಹಾಳೆ. ಎಡಗಡೆ ಕೇಕು, ಪುಡ್ಡಿಂಗು, ಸೂಪುಗಳ ಪೆನ್ಸಿಲ್ ಚಿತ್ರ, ಬಲಗಡೆ ಅಳತೆ. ಅದರಲ್ಲಿ ಬಹುಪಾಲು ನಮ್ಮ ಮನೆಯೊಳಗೆ ಕಾಲಿಡುವಂಥದ್ದಾಗಿರಲಿಲ್ಲ, ಮೊಟ್ಟೆ ಬೇಕಾಗುತ್ತಿತ್ತು. ಮೊಟ್ಟೆಯಿಲ್ಲದ, ಮೈದಾ ಕೂಡ ಇಲ್ಲದ ಒಂದು ಹಾಳೆ ಅದರಲ್ಲಿತ್ತು: ಬೇಯಿಸಿದ ಸೇಬು. ನಡುವಿನ ಬೀಜದ ಭಾಗ ತೆಗೆದು, ಆ ಗುಳಿಗೆ ಒಣದ್ರಾಕ್ಷಿ, ಸಕ್ಕರೆ, ಚಕ್ಕೆಪುಡಿ, ಒಂದಿಷ್ಟು ಬೆಣ್ಣೆ ತುಂಬಿ, ಓವನ್ನಿನಲ್ಲಿ ಮೆತ್ತಗಾಗುವವರೆಗೆ ಸುಟ್ಟು, ಕಸ್ಟರ್ಡ್ ಸುರಿದು ಕೊಡುವುದು. ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಚಳಿಗಾಲದ ಮನೆತಿಂಡಿ ಅದು. ಜರ್ಮನರು ಅದನ್ನು ಬ್ರಾಟ್‌ಆಪ್ಫೆಲ್ ಎನ್ನುತ್ತಾರೆ, ಕ್ರಿಸ್‌ಮಸ್ ಹೊತ್ತಿನಲ್ಲಿ ಮಾಡುತ್ತಾರೆ. ಅಂಥದ್ದು ಬೆಂಗಳೂರಿನ ಕಾಲೇಜಿನ ಪಾಠಕ್ಕೆ ಬಂದು, ಅಲ್ಲಿಂದ ಸಿಟಿ ಬಸ್ಸು ಹತ್ತಿ ರಾಜಾಜಿನಗರಕ್ಕೆ ಬಂತು.

ಮನೆಯಲ್ಲಿ ಓವನ್ ಇತ್ತು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಅಪ್ಪ ಕೊಂಡು ತಂದ ಅಲ್ಯೂಮಿನಿಯಂ ರೌಂಡ್ ಓವನ್. ಆ ಕಾಲದಲ್ಲಿ ಓವನ್ ಇದ್ದ ಮನೆಗಳಲ್ಲೆಲ್ಲ ಹೆಚ್ಚಾಗಿ ಇದ್ದದ್ದು ಅದೇ. ಅಗಲವಾದ ದುಂಡನೆಯ ಪಾತ್ರೆ, ಮೇಲೆ ಮುಚ್ಚಳ, ಮುಚ್ಚಳದ ನಡುವೆ ಒಳಗಿನದು ಕಾಣಲೆಂದು ಒಂದು ಗಾಜು, ಕೆಳಗೊಂದು ಮೇಲೊಂದು ಕಾಯಿಲ್. ಶಾಖ ಎಷ್ಟೆಂದು ತೋರಿಸುವ ಮುಳ್ಳಿಲ್ಲ, ಬೇಕಾದಲ್ಲಿ ನಿಲ್ಲಿಸುವ ಥರ್ಮೋಸ್ಟಾಟ್ ಇಲ್ಲ. ಪವರ್ ಪ್ಲಗ್ಗಿಗೆ ಸಿಕ್ಕಿಸಿದರೆ ಉರಿ, ತೆಗೆದರೆ ಇಲ್ಲ. ಅತ್ತೆ ಬಿಳಿ ಕಾಗದದ ಒಂದು ಚೂರನ್ನು ಒಳಗಿಟ್ಟು ಮುಚ್ಚಿ, ಗಾಜಿನಿಂದ ನೋಡುತ್ತಾ ನಿಲ್ಲುತ್ತಿದ್ದಳು. ಕಾಗದ ಬೇಗ ಕಪ್ಪಗಾದರೆ ಶಾಖ ಅತಿಯಾಯಿತು, ನಿಧಾನವಾಗಿ ಬಾದಾಮಿ ಬಣ್ಣಕ್ಕೆ ಬಂದರೆ ಸರಿ. ಕಾಯಿಲ್ ಸುಟ್ಟರೆ ಅಂಗಡಿಯಿಂದ ನಿಕ್ರೋಮ್ ತಂತಿಯ ಹೊಸ ಸುರುಳಿ ತಂದು ಎಳೆದು ಪಿಂಗಾಣಿ ತಟ್ಟೆಯ ಕೊರಕಲಿನಲ್ಲಿ ಕೂರಿಸುವ ಕೆಲಸ ಚಿಕ್ಕಪ್ಪನದು. ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತಿ ವೋಲ್ಟೇಜ್ ಇಳಿಯುತ್ತಿತ್ತು. ಆಗ ಕಾಯಿಲ್ ಕೆಂಪಗಾಗದೆ ಮಂಕಾಗಿ ಕೂರುತ್ತಿತ್ತು, ಮಧ್ಯಾಹ್ನ ಮುಕ್ಕಾಲು ಗಂಟೆಯಲ್ಲಿ ಬೇಯುವ ಹಣ್ಣು ಸಂಜೆ ಒಂದೂಕಾಲು ಗಂಟೆ ಕೇಳುತ್ತಿತ್ತು.

ಅತ್ತೆ ಮೊದಲು ಮಾಡಿದ್ದು ಪುಸ್ತಕದಲ್ಲಿ ಇದ್ದ ಹಾಗೆಯೇ. ಅಜ್ಜಿ ಮಂಚದಿಂದಲೇ ಕೇಳಿದಳು: "ಏನೇ ಅದು, ಹಣ್ಣನ್ನೂ ಬಿಡಲ್ವಾ ನೀವು? ಹಾಗೇ ತಿನ್ನಕ್ಕೇನಾಗಿದೆ?" ಅತ್ತೆ, "ನಿನಗೇ ಕಣಮ್ಮ ಮಾಡ್ತಿರೋದು" ಎಂದಳು. ಓವನ್ನಿನ ಮುಚ್ಚಳ ತೆಗೆದಾಗ ಮನೆ ತುಂಬ ಚಕ್ಕೆಯ ಘಮ. ಅಜ್ಜಿ ಮೂಸಿ ನೋಡಿ ಮುಖ ಆ ಕಡೆ ಮಾಡಿಕೊಂಡಳು. ಅವಳ ಲೆಕ್ಕದಲ್ಲಿ ಚಕ್ಕೆ ಬಿಸಿಬೇಳೆಬಾತಿನ ಪುಡಿಗೆ ಸೇರಿದ್ದು, ಸಿಹಿಯಲ್ಲಿ ಅದಕ್ಕೇನು ಕೆಲಸ. ಸಕ್ಕರೆಯೂ ಬೆಣ್ಣೆಯೂ ಕರಗಿ ಗುಳಿಯಿಂದ ಇಳಿದು ತಟ್ಟೆಗೆ ಹರಿದುಹೋಗಿತ್ತು. ಹಣ್ಣು ಒಡೆದು ಕುಸಿದಿತ್ತು. ಆದರೂ ಅತ್ತೆ ಒಂದು ಚಮಚ ತೆಗೆದು ಬಾಯಿಗಿಟ್ಟಳು. ಅಜ್ಜಿ ನುಂಗಿದಳು. ಅಗಿಯಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಣ್ಣೇನೋ ಚೆನ್ನಾಗೇ ಇದೆ, ಒಳಗೆ ಹಾಕಿರೋದು ಸರಿಯಿಲ್ಲ" ಅಂದಳು. ಅಡುಗೆಯ ಬಗ್ಗೆ ಇದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಈವರೆಗೂ ಕೇಳಿಲ್ಲ. ಮುಂದೆ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಒಳಗೆ ಹಾಕುವುದು ಏನು ಎಂಬ ಹುಡುಕಾಟವೇ.

ಉತ್ತರ ಮಹಡಿಯಿಂದ ಇಳಿದು ಬಂತು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವರು ಕಾಸರಗೋಡು ಕಡೆಯವರು, ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಆ ಮನೆಯಾಕೆಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಅವರ ಮಾತು ಕೇಳುವುದಕ್ಕೇ ನಾನು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಅತ್ತೆಯ ಸೇಬಿನ ಕಥೆ ಕೇಳಿ ಅವರು ಹೇಳಿದರು: "ನಮ್ಮಲ್ಲಿ ನೇಂದ್ರ ಬಾಳೆಹಣ್ಣಿಗೆ ಕಾಯಿ ತುಂಬಿಸ್ತೇವೆ, ಗೊತ್ತುಂಟಾ? ಸಕ್ರೆ ಮಾತ್ರ ಹಾಕಿದ್ರೆ ಓಡಿ ಹೋಗದೆ ಮತ್ತೇನು ಮಾಡ್ತದೆ? ಕಾಯಿ ಹಾಕ್ಬೇಕು, ಕಾಯಿ ಹಿಡ್ಕೊಳ್ತದೆ." ಹೇಳಿ ಸುಮ್ಮನಾಗದೆ ಮಾಡಿಯೂ ತೋರಿಸಿದರು. ಚೆನ್ನಾಗಿ ಹಣ್ಣಾದ ನೇಂದ್ರವನ್ನು ಉದ್ದಕ್ಕೆ ಸೀಳಬೇಕು, ಆದರೆ ಎರಡೂ ತುದಿ ಕೂಡಿಕೊಂಡೇ ಇರಬೇಕು. ನಡುವಿನ ಕಪ್ಪು ಬೀಜದ ಎಳೆಯನ್ನು ಬೆರಳಿನಿಂದ ಬಿಡಿಸಬೇಕು. ಆ ಸೀಳಿಗೆ ತುಪ್ಪದಲ್ಲಿ ಬಾಡಿಸಿದ ಕಾಯಿತುರಿ, ಸಕ್ಕರೆ, ಗೋಡಂಬಿ, ಒಣದ್ರಾಕ್ಷಿ, ಏಲಕ್ಕಿ ತುಂಬಿ, ಬಾಯಿಗೆ ಮೈದಾ ಕಲಸಿದ್ದನ್ನು ಸವರಿ ಮುಚ್ಚಿ, ಕಾವಲಿಯ ಮೇಲೆ ತುಪ್ಪದಲ್ಲಿ ಹೊರಳಿಸುತ್ತಾ ಸುಡಬೇಕು. ಮಲಬಾರಿನ ಮಾಪಿಳ್ಳೆ ಮನೆಗಳಲ್ಲಿ ಅದನ್ನು ಪಳಂ ನಿರಚ್ಚದ್ ಎನ್ನುತ್ತಾರೆ, ರಂಜಾನ್ ಸಂಜೆಗಳ ತಿಂಡಿಗಳಲ್ಲಿ ಅದೂ ಒಂದು. ನೇಂದ್ರವನ್ನೇ ಬೇಯಿಸಿ ಅರೆದು, ಕಾಯಿ ತುಂಬಿ, ಕದಿರಿನ ಆಕಾರಕ್ಕೆ ತಂದು ಕರಿದರೆ ಅದು ಉನ್ನಕ್ಕಾಯ. ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಮಾತಾಡುವವರ ಅಡುಗೆಮನೆಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಇಂಥ ತಿಂಡಿಗಳು ಬೇಲಿ ದಾಟುತ್ತಲೇ ಇರುತ್ತವೆ. ಅಕ್ಕ ಅದನ್ನು ಎಲ್ಲಿ ಕಲಿತರೆಂದು ನಾವು ಕೇಳಲಿಲ್ಲ. ನೇಂದ್ರದ ಆ ತಿಂಡಿಯನ್ನು ಅಜ್ಜಿಗೆ ಕೊಟ್ಟರು, ಅವಳು ಪೂರ್ತಿ ತಿಂದಳು.

ಆ ವರ್ಷ ಗೌರಿ ಗಣೇಶ ಹಬ್ಬ ಬಂದದ್ದು ಹಿಮಾಚಲದ ಸೇಬು ಊರಿಗೆ ತುಂಬಿಕೊಳ್ಳುವ ಹೊತ್ತಿಗೇ. ಭಾದ್ರಪದಕ್ಕೂ ಸೇಬಿನ ಸುಗ್ಗಿಗೂ ಅಷ್ಟು ಹತ್ತಿರದ ನಂಟು. ಗೌರಿಯ ಮುಂದೆ ಇಟ್ಟ ಹಣ್ಣುಗಳಲ್ಲಿ ಸೇಬೂ ಇತ್ತು. ಗಣೇಶನ ಕಡುಬಿಗೆ ಮಾಡಿದ ಕಾಯಿಹೂರಣ ಒಂದು ಬಟ್ಟಲು ಉಳಿದಿತ್ತು. ಮಾರನೆಯ ದಿನ ಅಮ್ಮ ಆ ಬಟ್ಟಲನ್ನು ಅತ್ತೆಯ ಮುಂದೆ ಇಟ್ಟಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡದ್ದು ಮಾತ್ರ ನನಗೆ ನೆನಪಿದೆ. ಹಸಿಕಾಯಿತುರಿ, ಬೆಲ್ಲ, ಏಲಕ್ಕಿ, ಹುರಿಗಡಲೆ ಪುಡಿ, ಚೂರು ಗಸಗಸೆ: ಅಜ್ಜಿ ತನ್ನ ಅತ್ತೆಮನೆಗೆ ಬಂದಾಗಿನಿಂದ ಮಾಡುತ್ತಾ ಬಂದ ಹೂರಣ. ಸೇಬಿನ ಗುಳಿಯಲ್ಲಿ ಅದು ತನ್ನ ಜಾಗವೇ ಎಂಬಂತೆ ಕುಳಿತುಕೊಂಡಿತು.

ಅದು ಯಾಕೆ ಅಷ್ಟು ಚೆನ್ನಾಗಿ ಹೊಂದಿತೆಂದು ಅತ್ತೆ ಆಮೇಲೆ ಲೆಕ್ಕ ಹಾಕಿ ಹೇಳಿದ್ದು ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಸಕ್ಕರೆ, ಬೆಲ್ಲ ಬಿಸಿಗೆ ನೀರಾಗುತ್ತವೆ, ಜೊತೆಗೆ ಹಣ್ಣೂ ತನ್ನ ರಸ ಬಿಡುತ್ತದೆ. ಈ ನೀರನ್ನು ಹಿಡಿದಿಟ್ಟುಕೊಳ್ಳುವವರು ಬೇಕು. ಕಾಯಿತುರಿ ಕರಗುವುದಿಲ್ಲ, ನಾರಿನ ನಡುವೆ ಪಾಕವನ್ನು ಇಟ್ಟುಕೊಳ್ಳುತ್ತದೆ, ತನ್ನ ಎಣ್ಣೆಯನ್ನು ನಿಧಾನಕ್ಕೆ ಹಣ್ಣಿಗೆ ಬಿಡುತ್ತದೆ, ಹಾಗಾಗಿ ಬೆಣ್ಣೆಯೇ ಬೇಡ. ಹುರಿಗಡಲೆ ಪುಡಿ ರಸ ಕುಡಿದು ಉಬ್ಬುತ್ತದೆ. ವಿಲಾಯಿತಿಯ ಅಡುಗೆಯಲ್ಲಿ ಬ್ರೆಡ್ಡಿನ ಪುಡಿಯೋ ಓಟ್ಸೋ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ, ಮೇಲಾಗಿ ತನ್ನದೇ ಹುರಿದ ಘಮವನ್ನೂ ಕೊಡುತ್ತದೆ. ನಮ್ಮ ಹೂರಣಗಳೆಲ್ಲ ತಲೆಮಾರುಗಳಿಂದ ಕಣಕದೊಳಗೆ, ಅಕ್ಕಿಹಿಟ್ಟಿನೊಳಗೆ ಹಬೆಯನ್ನೂ ಕಾವಲಿಯ ಬಿಸಿಯನ್ನೂ ತಡೆದುಕೊಂಡು ಬಂದವು. ಹೊರಗೆ ಸೋರದಂತೆ ಇರುವುದೇ ಅವುಗಳ ಮೊದಲ ಗುಣ. ಈ ವಿದ್ಯೆಯನ್ನು ಯಾರೂ ಪ್ರಾಕ್ಟಿಕಲ್ ಪುಸ್ತಕದಲ್ಲಿ ಬರೆದಿರಲಿಲ್ಲ.

ಬೀಜ ತೆಗೆಯುವುದು ಇನ್ನೊಂದು ಕಷ್ಟ. ಚಾಕುವಿನ ಮೊನೆ ಹಾಕಿ ತಿರುವಿದರೆ ಕೆಳಗಡೆ ತೂತಾಗುತ್ತಿತ್ತು, ಇಲ್ಲವೇ ಪಕ್ಕ ಸೀಳುತ್ತಿತ್ತು. ಚಿಕ್ಕಪ್ಪ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ. ಅವನಿಗೆ ಅಳತೆ ಬೇಕಿತ್ತು. ಒಂದು ಸೇಬನ್ನು ಅಡ್ಡ ಕೊಯ್ದು, ಬೀಜದ ನಕ್ಷತ್ರದ ಅಗಲವನ್ನು ವರ್ನಿಯರ್ ಹಿಡಿದು ನೋಡಿದ. ಕೆಲವು ದಿನಗಳ ನಂತರ ಒಂದು ಗೇಣಿಗಿಂತ ಕಮ್ಮಿ ಉದ್ದದ ಸ್ಟೀಲ್ ಪೈಪಿನ ತುಂಡು ತಂದ. ಸುಮಾರು ಮುಕ್ಕಾಲು ಇಂಚಿನ ಪೈಪು. ಒಂದು ತುದಿಯನ್ನು ಲೇತಿನಲ್ಲಿ ಒಳಮುಖವಾಗಿ ಇಳಿಜಾರು ಹಿಡಿದು ಚೂಪು ಮಾಡಿ, ಫೈಲಿನಲ್ಲಿ ಸಣ್ಣ ಹಲ್ಲು ಕೊಯ್ದು, ಬರ್ ಒಂದಿಷ್ಟೂ ಇಲ್ಲದಂತೆ ಉಜ್ಜಿದ್ದ. ಇನ್ನೊಂದು ತುದಿಯ ಹತ್ತಿರ ಅಡ್ಡ ತೂತು ಹೊಡೆದು ಹಿಡಿಯಲು ಒಂದು ರಾಡು ತೂರಿಸಿದ್ದ. ಹೊರಮೈ ಮೇಲೆ ಒಂದು ಗೆರೆ ಕೊರೆದಿತ್ತು. ಸೇಬಿನೊಳಗೆ ಪೈಪು ಆ ಗೆರೆಯವರೆಗೆ ಇಳಿದರೆ ಸಾಕು, ತಳ ಉಳಿಯುತ್ತದೆ. ಒತ್ತಿ ತಿರುವಿ ಎಳೆದರೆ ಬೀಜ, ನಾರು ಎಲ್ಲ ಒಂದೇ ಸುರುಳಿಯಾಗಿ ಹೊರಬರುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಯಾವ ಕೋರರ್ ಕೂಡ ಅದರ ಸಮಕ್ಕೆ ಬರುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯದ ಶೆಡ್ಡುಗಳಲ್ಲಿ ದುಡಿದವರ ಮನೆಗಳಲ್ಲಿ ಹೀಗೆ ಕೈಯಲ್ಲಿ ಮಾಡಿದ ಒಂದಾದರೂ ಸಾಮಾನು ಇದ್ದೇ ಇರುತ್ತದೆ: ಚಕ್ಕುಲಿ ಒರಳಿಗೆ ಹೊಸ ಬಿಲ್ಲೆ, ಕುಕ್ಕರಿಗೆ ಹಿಡಿ, ಈಳಿಗೆಗೆ ತುರಿಯುವ ಮಣಿ. ಈ ಕಡೆಯ ಬೆಂಗಳೂರಿನ ಚರಿತ್ರೆ ಬರೆಯುವವರು ಅಡುಗೆಮನೆಗಳಿಗೂ ಒಮ್ಮೆ ಹೋಗಿ ನೋಡಬೇಕು.

ಮಾಡುವ ಕ್ರಮವನ್ನು ಇಲ್ಲಿ ಹೇಳಿಬಿಡುತ್ತೇನೆ. ಆರು ಮಧ್ಯಮ ಗಾತ್ರದ ಸೇಬಿಗೆ ಒಂದು ಬಟ್ಟಲು ಕಾಯಿತುರಿ, ಮುಕ್ಕಾಲು ಬಟ್ಟಲು ಪುಡಿಮಾಡಿದ ಅಚ್ಚುಬೆಲ್ಲ. ಹುಳಿ ಇರುವ ಹಣ್ಣಾದರೆ ಬೆಲ್ಲ ಒಂದು ಹಿಡಿ ಹೆಚ್ಚು. ಕಾಯಿ ಬೆಲ್ಲ ಎರಡನ್ನೂ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರಬೇಕು. ಕಡುಬಿಗೆ ಬೇಕಾದ್ದಕ್ಕಿಂತ ಸ್ವಲ್ಪ ಮುಂಚೆ, ಇನ್ನೂ ಪಸೆ ಇರುವಾಗಲೇ ಇಳಿಸಬೇಕು, ಏಕೆಂದರೆ ಅದು ಒಲೆಯ ಮೇಲಿನ ಶಾಖದ ನಂತರ ಓವನ್ನಿನ ಶಾಖವನ್ನೂ ಕಾಣಬೇಕು. ಎರಡು ಚಮಚ ಹುರಿಗಡಲೆ ಪುಡಿ, ನಾಲ್ಕು ಏಲಕ್ಕಿ, ಒಂದು ಹಿಡಿ ಒಣದ್ರಾಕ್ಷಿ, ಗೋಡಂಬಿ ಚೂರು. ಸೇಬಿನ ಗುಳಿಯ ಒಳಮೈಗೆ ನಿಂಬೆರಸ ಸವರಬೇಕು. ಹೂರಣವನ್ನು ಗಟ್ಟಿಯಾಗಿ ತುರುಕದೆ ಸಡಿಲವಾಗಿ ತುಂಬಿ, ಮೇಲೆ ಅರ್ಧ ಚಮಚ ತುಪ್ಪ. ತಟ್ಟೆಯ ತಳಕ್ಕೆ ನಾಲ್ಕೈದು ಚಮಚ ನೀರು, ಇಲ್ಲದಿದ್ದರೆ ಸೋರಿದ ಬೆಲ್ಲ ಹತ್ತಿ ಕಹಿಯಾಗುತ್ತದೆ. ಈಗಿನ ಓವನ್ನಿನಲ್ಲಿ 180 ಡಿಗ್ರಿ, ಹಣ್ಣನ್ನು ನೋಡಿಕೊಂಡು 35ರಿಂದ 45 ನಿಮಿಷ. ನಡುವೆ ಒಮ್ಮೆ ಓವನ್ ತೆರೆದು ತಟ್ಟೆಯ ರಸವನ್ನು ಚಮಚದಲ್ಲಿ ಎತ್ತಿ ಹಣ್ಣಿನ ತಲೆಯ ಮೇಲೆ ಹೊಯ್ಯಬೇಕು. ಆ ಕೆಲಸ ನನ್ನದಾಗಿತ್ತು, ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಎಲ್ಲಕ್ಕಿಂತ ಮುಖ್ಯ, ಸೊಂಟದ ಸುತ್ತ ಚಾಕುವಿನಿಂದ ಒಂದು ಗೆರೆ. ಸಿಪ್ಪೆಯನ್ನಷ್ಟೇ ಕೊಯ್ಯುವ ತೆಳುಗೆರೆ. ಸೇಬಿನ ಗಾತ್ರದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಗಾಳಿ, ಅದಕ್ಕೇ ಸೇಬು ನೀರಲ್ಲಿ ತೇಲುತ್ತದೆ. ಬಿಸಿಗೆ ಆ ಗಾಳಿ ಹಿಗ್ಗುತ್ತದೆ, ರಸ ಹಬೆಯಾಗುತ್ತದೆ. ಸಿಪ್ಪೆ ಹಿಗ್ಗುವುದಿಲ್ಲ. ದಾರಿ ಬಿಡದಿದ್ದರೆ ಹಬೆ ತಾನೇ ಎಲ್ಲೆಂದರಲ್ಲಿ ಸೀಳಿಕೊಂಡು ಹೊರಡುತ್ತದೆ, ಹಣ್ಣು ಕುಸಿಯುತ್ತದೆ. ಗೆರೆ ಎಳೆದಿದ್ದರೆ ಮೇಲಿನ ಅರ್ಧ ಮೆಲ್ಲಗೆ ಮೇಲೇಳುತ್ತದೆ, ಹಣ್ಣು ನಿಂತೇ ಇರುತ್ತದೆ. ಆ ಒಂದು ಗೆರೆ ಬಂದ ಮೇಲೆ ನಮ್ಮ ಮನೆಯ ಸೇಬು ನೋಡಲೂ ಚೆಂದವಾಯಿತು.

ಅಜ್ಜಿ ಶನಿವಾರ ಒಪ್ಪತ್ತು ಮಾಡುತ್ತಿದ್ದಳು. ಮಧ್ಯಾಹ್ನ ಒಂದು ಹೊತ್ತು ಊಟ, ರಾತ್ರಿ ಅನ್ನವಿಲ್ಲ, ಫಲಾರ ಮಾತ್ರ. ಅವಲಕ್ಕಿಯೋ ಉಪ್ಪಿಟ್ಟೋ ಹಾಲು ಬಾಳೆಹಣ್ಣೋ. ಉಬ್ಬಸ ಇದ್ದವಳಿಗೆ ರಾತ್ರಿ ಬಾಳೆಹಣ್ಣು ಆಗುತ್ತಿರಲಿಲ್ಲ, ಉಪ್ಪಿಟ್ಟು ಭಾರ. ಬೇಕರಿಯಿಂದ ತಂದದ್ದನ್ನು ಅವಳು ಮುಟ್ಟುವವಳಲ್ಲ. ಹೂರಣದ ಸೇಬನ್ನು ಮೊದಲ ಸಲ ಮುಂದಿಟ್ಟಾಗ ಅವಳು ಒಂದೊಂದಾಗಿ ಕೇಳಿದಳು: ಇದರಲ್ಲಿ ಏನೇನಿದೆ, ಯಾರು ಮುಟ್ಟಿದ್ದು, ಆ ಡಬ್ಬಿಯಲ್ಲಿ ಬೇರೆ ಏನಾದರೂ ಬೇಯಿಸಿದ್ದೀರಾ. ಅತ್ತೆ ಮೊದಲೇ ಓವನ್ನನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗೆ ಇಟ್ಟಿದ್ದಳು. ಹಣ್ಣು, ಕಾಯಿ, ಬೆಲ್ಲ, ತುಪ್ಪ. "ಹಾಗಾದ್ರೆ ಇದು ಫಲಾರಾನೇ" ಎಂದು ಅಜ್ಜಿಯೇ ತೀರ್ಪು ಕೊಟ್ಟಳು. ಆವತ್ತಿನಿಂದ ಸೇಬು ಸಿಗುವ ಕಾಲದಲ್ಲಿ ಶನಿವಾರ ರಾತ್ರಿ ಅದು ಅವಳ ತಟ್ಟೆಗೆ ಬರುತ್ತಿತ್ತು. ಮೇಲೆ ಕಸ್ಟರ್ಡ್ ಇಲ್ಲ, ಕಾಸಿ ಆರಿಸಿದ ಹಾಲಿನ ಕೆನೆ ಒಂದು ಚಮಚ. ಅವಳು ಮೊದಲು ಹೂರಣ ತಿಂದು, ಆಮೇಲೆ ಹಣ್ಣನ್ನು ಸಿಪ್ಪೆಯಿಂದ ಕೆರೆದು ಕೆರೆದು ತಿಂದು, ಕೊನೆಗೆ ಖಾಲಿ ಸಿಪ್ಪೆಯನ್ನು ತಟ್ಟೆಯಲ್ಲಿ ಚೊಕ್ಕವಾಗಿ ಮಡಿಸಿಡುತ್ತಿದ್ದಳು. ನೆಂಟರು ನೋಡಲು ಬಂದು ಸೇಬಿನ ಪೊಟ್ಟಣ ಕೊಟ್ಟರೆ, ಮುಂಚೆ ಮಕ್ಕಳ ಕಡೆ ನೀಡುತ್ತಿದ್ದವಳು, ಈಗ ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳತೊಡಗಿದಳು. ಇದನ್ನು ಕಂಡು ಅಮ್ಮನಿಗೆ ಆದ ಸಂತೋಷ ನನಗೆ ಚೆನ್ನಾಗಿ ನೆನಪಿದೆ. ಅಜ್ಜಿಗೂ ಅಮ್ಮನಿಗೂ ನಡುವೆ ಮಾತು ಕಮ್ಮಿಯಿದ್ದ ವರ್ಷಗಳು ಅವು. ಅಮ್ಮ ಹೂರಣ ತಿರುವಿ ಕೊಡುತ್ತಿದ್ದಳು, ಅಜ್ಜಿ ಏಲಕ್ಕಿ ಸಾಕಾಗಿದೆ ಇಲ್ಲ ಅನ್ನುತ್ತಿದ್ದಳು, ಹಾಗೆ ಒಂದಿಷ್ಟು ಮಾತು ನಡೆಯುತ್ತಿತ್ತು.

ಎಲ್ಲ ಸೇಬೂ ಇದಕ್ಕೆ ಆಗುವುದಿಲ್ಲ. ನಾವೆಲ್ಲ ಶಿಮ್ಲಾ ಸೇಬು ಎಂದು ಕೊಳ್ಳುತ್ತಿದ್ದದ್ದು ಬಹುಪಾಲು ಡೆಲಿಷಿಯಸ್ ಜಾತಿಯದು. ಅಮೆರಿಕದ ಫಿಲಡೆಲ್ಫಿಯಾದಿಂದ 1904ರಲ್ಲಿ ಭಾರತಕ್ಕೆ ಬಂದು, ಶಿಮ್ಲಾ ಹತ್ತಿರದ ಕೋಟ್‌ಗಢದಲ್ಲಿ ನೆಲೆಸಿ, ಆಮೇಲೆ ಸತ್ಯಾನಂದ ಎಂದು ಹೆಸರಾದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಅಲ್ಲಿ ಅಮೆರಿಕದ ಡೆಲಿಷಿಯಸ್ ಸಸಿಗಳನ್ನು ನೆಟ್ಟರು. ಆ ಬೆಟ್ಟಗಳ ಬದುಕನ್ನೇ ಬದಲಿಸಿದ ಹಣ್ಣು ಅದು. ಹಸಿಯಾಗಿ ತಿನ್ನಲು ಸೊಗಸು. ಬೇಯಿಸಿದರೆ ಮಾತ್ರ ಹಿಟ್ಟುಹಿಟ್ಟಾಗುತ್ತದೆ, ಹುಳಿ ಕಮ್ಮಿಯಿರುವುದರಿಂದ ಬೆಲ್ಲದ ಮುಂದೆ ಸಪ್ಪೆಯಾಗಿ ಸೋಲುತ್ತದೆ. ಅದಕ್ಕೇ ನಿಂಬೆರಸ. ಅತ್ತೆಗೆ ಬೇಕಾದದ್ದು ಯಾರೂ ಕೇಳದ ಹಣ್ಣು: ಸುಗ್ಗಿಯ ಆರಂಭದಲ್ಲಿ ಬರುವ, ಬಣ್ಣ ಪೂರ್ತಿ ಏರದ, ಸಣ್ಣ ಗಟ್ಟಿ ಹುಳಿಸೇಬು, ಇಲ್ಲವೇ ಚಳಿಗಾಲದ ಕೊನೆಗೆ ಕಾಶ್ಮೀರದಿಂದ ಬರುವ ಮಹಾರಾಜಿ. ತಳ್ಳುಗಾಡಿಯವರು ಅವನ್ನು ಹಿಂದಿನ ಸಾಲಿಗೆ ಹಾಕಿರುತ್ತಿದ್ದರು. ಅತ್ತೆ ಬಗ್ಗಿ ಹಿಂದಿನ ಸಾಲಿನಿಂದಲೇ ಆರಿಸುವುದನ್ನು ಕಂಡು ಅವರಿಗೆ ಆಶ್ಚರ್ಯ.

ಎಷ್ಟೋ ವರ್ಷಗಳ ಮೇಲೆ ಲಾಲ್‌ಬಾಗಿನ ಹಳೆಯ ಸಂಗತಿಗಳನ್ನು ಓದುವಾಗ ಒಂದು ವಿಷಯ ಸಿಕ್ಕಿ ನಾನು ಪುಸ್ತಕ ಮಡಿಸಿ ಸುಮ್ಮನೆ ಕುಳಿತೆ. ಬೆಂಗಳೂರಿನಲ್ಲೇ ಸೇಬು ಬೆಳೆಯುತ್ತಿದ್ದರು. 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ ಕಾಲ ವಿದೇಶದ ಗಿಡಗಳನ್ನು ತರಿಸಿ ಇಲ್ಲಿನ ಮಣ್ಣಿಗೆ ಒಗ್ಗಿಸುವ ದೊಡ್ಡ ಪ್ರಯೋಗದ ಕಾಲ. ನಾವು ದಿನವೂ ಹುಳಿಗೆ ಹಾಕುವ ಸೀಮೆಬದನೆ ಈ ಊರಿಗೆ ಬಂದದ್ದು ಅವರಿಂದ ಎನ್ನುತ್ತಾರೆ. ಆ ಕಾಲದಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಬೆಂಗಳೂರಿನ ಸುತ್ತಲಿನ ತೋಟಗಳಲ್ಲಿ ರೋಮ್ ಬ್ಯೂಟಿ ಎಂಬ ಸೇಬು ಬೆಳೆಯುತ್ತಿತ್ತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು, ಆಗಿನ ತಂಪು ಹವೆ, ಹಿಮ ಬೀಳದಿದ್ದರೂ ಆ ಜಾತಿಗೆ ಸಾಕಾಯಿತು. ಇಂಡೋನೇಷ್ಯಾದ ಮಲಾಂಗ್ ಹತ್ತಿರದ ಬೆಟ್ಟಗಳಲ್ಲಿ ಇವತ್ತಿಗೂ ಅದೇ ರೋಮ್ ಬ್ಯೂಟಿಯನ್ನು ಬೆಳೆಯುತ್ತಾರೆ. ಅಲ್ಲಿ ಚಳಿಗಾಲವೇ ಇಲ್ಲದ್ದರಿಂದ ರೈತರು ಮರದ ಎಲೆಗಳನ್ನು ಕೈಯಿಂದ ಕಿತ್ತು ಹೂ ಬಿಡಿಸುತ್ತಾರೆ. ನಮ್ಮಲ್ಲಿನ ತೋಟಗಳು ಹೋದವು, ಅವು ಇದ್ದ ನೆನಪೂ ಹೋಯಿತು.

ನಾನು ಪುಸ್ತಕ ಮಡಿಸಿದ್ದಕ್ಕೆ ಕಾರಣ ಬೇರೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಓಹಾಯೋದಲ್ಲಿ ಹುಟ್ಟಿದ ರೋಮ್ ಬ್ಯೂಟಿ ಅಲ್ಲಿ ಹೆಸರಾದದ್ದೇ ಇಡಿಯಾಗಿ ಬೇಯಿಸಲು. ಸಿಪ್ಪೆ ದಪ್ಪ, ತಿರುಳು ಗಟ್ಟಿ, ಓವನ್ನಿನಲ್ಲಿ ಎಷ್ಟು ಹೊತ್ತಿದ್ದರೂ ಆಕಾರ ಬಿಡುವುದಿಲ್ಲ. ಅತ್ತೆ ತಳ್ಳುಗಾಡಿಯ ಹಿಂದಿನ ಸಾಲಿನಲ್ಲಿ ಹುಡುಕುತ್ತಿದ್ದ ಹಣ್ಣು ಇದೇ. ಅಜ್ಜಿ ಹುಡುಗಿಯಾಗಿದ್ದಾಗ, ಅವಳ ಹಳ್ಳಿಯಿಂದ ಒಂದು ದಿನದ ಗಾಡಿ ಪ್ರಯಾಣದಷ್ಟು ದೂರದಲ್ಲಿ ಅದು ಮರದಲ್ಲಿ ತೂಗಿರಬಹುದು. ಮಾಗಡಿಯಿಂದ ಬೆಂಗಳೂರಿಗೆ ಬರುವ ರಸ್ತೆಯಲ್ಲಿ ಅವಳಪ್ಪ ಎಷ್ಟು ಸಲ ಓಡಾಡಿರಲಿಲ್ಲ! ಅಂಥ ತೋಟದ ಬೇಲಿಯನ್ನು ಅವರು ಕಂಡಿದ್ದರೂ ಒಂದು ಹಣ್ಣು ಅವರ ಮಗಳ ಕೈಗೆ ಬರಲಿಲ್ಲ. ಕಂಟೋನ್ಮೆಂಟಿನ ಬಂಗಲೆಗಳಿಗೂ ಮಾಗಡಿಯ ಹಳ್ಳಿಗಳಿಗೂ ನಡುವೆ ಇದ್ದ ದೂರ ಎಂಥದ್ದೆಂದು ನನಗೆ ಆ ಒಂದು ಹಣ್ಣಿನ ಹೆಸರಿನಿಂದ ತಿಳಿದಷ್ಟು ಬೇರೆ ಯಾವುದರಿಂದಲೂ ತಿಳಿದಿಲ್ಲ. ಈಗ ಅದನ್ನು ಹೇಳಿ ಪ್ರಯೋಜನವಿಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತೋಟಗಾರಿಕೆ ಇಲಾಖೆಯವರು ಲಾಲ್‌ಬಾಗಿನಲ್ಲಿ ಮತ್ತೆ ಒಂದೆರಡು ರೋಮ್ ಬ್ಯೂಟಿ ಮರ ಬೆಳೆಸಿ, ಬುಡದಲ್ಲಿ ಹೆಸರಿನ ಫಲಕ ಹಾಕಿದರೆ, ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನಕ್ಕೆ ಬರುವ ಮಕ್ಕಳಾದರೂ ನೋಡಿಯಾರು.

ಅಜ್ಜಿ ತೊಂಬತ್ತರ ದಶಕದ ಮೊದಲಲ್ಲಿ ತೀರಿಕೊಂಡಳು. ಕೊನೆಯ ತಿಂಗಳುಗಳಲ್ಲಿ ಹೂರಣವೂ ಆಗುತ್ತಿರಲಿಲ್ಲ, ಬೆಂದ ಸೇಬಿನ ತಿರುಳನ್ನಷ್ಟೇ ಅಮ್ಮ ಜರಡಿಯಲ್ಲಿ ಒತ್ತಿ ಇಳಿಸಿ ಚಮಚದಲ್ಲಿ ಕೊಡುತ್ತಿದ್ದಳು. ಮಹಡಿಯ ಅಕ್ಕನ ಯಜಮಾನರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ನಾವು ಬಸವೇಶ್ವರನಗರಕ್ಕೆ ಬಂದೆವು. ರೌಂಡ್ ಓವನ್ ಅಟ್ಟ ಸೇರಿತು, ಗುಂಡಿ ತಿರುಗಿಸಿದರೆ ಡಿಗ್ರಿ ತೋರಿಸುವ ಒ.ಟಿ.ಜಿ. ಬಂತು. ಪೈಪಿನ ಕೋರರ್ ಮಾತ್ರ ಬದಲಾಗಲಿಲ್ಲ. ಹಾವನೂರು ಸರ್ಕಲ್ಲಿನ ಹಣ್ಣಿನಂಗಡಿಗಳಲ್ಲಿ ಈಗ ವರ್ಷವಿಡೀ ಸೇಬು, ಒಂದೊಂದರ ಮೇಲೂ ಚೀಟಿ, ಮೇಣ ಸವರಿದ ಹೊಳಪು. ಬೇಯಿಸುವ ಮುಂಚೆ ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಕೆಂಪಗಿನ ವಾಷಿಂಗ್ಟನ್ ಹಣ್ಣೂ ಅದೇ ಡೆಲಿಷಿಯಸ್ ವಂಶ, ಇದಕ್ಕೆ ಆಗಿಬರುವುದಿಲ್ಲ. ಹಸಿರು ಸೇಬು, ಗ್ರ್ಯಾನಿ ಸ್ಮಿತ್, ಆಗುತ್ತದೆ. ಹುಳಿ ಚುರುಕಾಗಿದೆ, ಅಚ್ಚುಬೆಲ್ಲದ ಜೊತೆ ಚೆನ್ನಾಗಿ ನಿಲ್ಲುತ್ತದೆ. ಬೆಲೆ ಮಾತ್ರ ಮೂರು ಸಲ ಯೋಚಿಸುವಂತೆ ಮಾಡುತ್ತದೆ.

ಅತ್ತೆ ಮದುವೆಯಾಗಿ ಹೋಗಿ, ಬೇರೆ ಬೇರೆ ಊರು ಸುತ್ತಿ, ಈಗ ಕೆಂಗೇರಿ ಉಪನಗರದಲ್ಲಿದ್ದಾಳೆ. 2021ರ ಆಗಸ್ಟಿನಲ್ಲಿ ನೇರಳೆ ಮೆಟ್ರೊ ಕೆಂಗೇರಿವರೆಗೆ ಹೋದ ಮೇಲೆ ಅವಳನ್ನು ನೋಡಿಕೊಂಡು ಬರುವುದು ಸಲೀಸಾಗಿದೆ. ವಿಜಯನಗರದಲ್ಲಿ ಹತ್ತಿದರೆ ಡಬ್ಬಿಯಲ್ಲಿನ ಸೇಬು ಇನ್ನೂ ಬೆಚ್ಚಗಿರುವಾಗಲೇ ಅವಳ ಮನೆಯಲ್ಲಿರುತ್ತೇನೆ. ಹೋದ ಮಳೆಗಾಲದಲ್ಲಿ ಒಯ್ದಿದ್ದೆ. ಅವಳು ಕನ್ನಡಕ ಹಾಕಿಕೊಂಡು ಮೊದಲು ಸೊಂಟದ ಗೆರೆ ಪೂರ್ತಿ ಸುತ್ತು ಬಂದಿದೆಯೇ ಎಂದು ಹಣ್ಣನ್ನು ತಿರುಗಿಸಿ ನೋಡಿದಳು. ಆಮೇಲೆ ಚಮಚ ಹಾಕಿದಳು. "ನಮ್ಮಮ್ಮನ ಹೂರಣಾನೇ" ಅಂದಳು. ಇನ್ನೊಂದು ಚಮಚ ತಿಂದು, ಟೀಚರ್ ದನಿಯಲ್ಲಿ ಮುಂದುವರಿಸಿದಳು: "ಈ ಹಸಿರು ಸೇಬಿಗೆ ಅಷ್ಟು ದುಡ್ಡು ಯಾಕೆ ಹಾಕ್ತೀಯ? ನಮ್ಮ ಸಂತೆಗೆ ಮರಸೇಬು ಬಂದಿದೆ, ಕಲ್ಲಿನ ಹಾಗಿದೆ, ಯಾರೂ ಕೊಳ್ಳಲ್ಲ. ಅದಕ್ಕೆ ತುಂಬಿ ನೋಡು. ಹತ್ತು ನಿಮಿಷ ಜಾಸ್ತಿ ಬಿಡು, ತಟ್ಟೆಗೆ ಇನ್ನೂ ಸ್ವಲ್ಪ ನೀರು ಹಾಕು." ಬರುವಾಗ ಸಂತೆಗೆ ಹೋಗಿ ಒಂದು ಕಿಲೋ ತಂದೆ. ಚಿಕ್ಕಪ್ಪನ ಪೈಪು ಅದರೊಳಗೂ ಸಲೀಸಾಗಿ ಇಳಿಯಿತು.